ನಂಬದವನ ದೇವರಾಣೆ

ಲಿಫ್ಟಿನ ಯಂತ್ರ ಇರುವುದು ಕಟ್ಟಡದ ನೆತ್ತಿಯ ಮೇಲಿನ ಪುಟ್ಟ ಕೋಣೆಯಲ್ಲಿ. ಲಿಫ್ಟ್ ರಿಪೇರಿ ಮಾಡುವವನ ದಿನದ ಮುಕ್ಕಾಲು ಪಾಲು ಅಲ್ಲೇ ಕಳೆಯುತ್ತದೆ. ಕೆಳಗೆ ನಿಂತವರು ಬಾಗಿಲ ಸಂದಿಗೆ ಬಾಯಿಟ್ಟು "ಮೇಲಿರೋರು ಏನಂತಾರೆ?" ಎಂದು ಕೂಗುವುದು, ಅವನು ಮೇಲಿನಿಂದ "ಇನ್ನೊಂದು ಸ್ವಲ್ಪ ತಡೀರಿ" ಎಂದು ಉತ್ತರ ಕೊಡುವುದು, ಹೀಗೇ ನಡೆದು ನಡೆದು ಈ ಮೆಕ್ಯಾನಿಕ್‌ಗೆ 'ಮೇಲಿರೋರು' ಎಂಬ ಹೆಸರೇ ಅಂಟಿಕೊಂಡಿತ್ತು. ದೇವರನ್ನು ಎಳ್ಳಷ್ಟೂ ನಂಬದ ಮನುಷ್ಯನಿಗೆ ಹುಡುಕಿ ಹುಡುಕಿ ಇದೇ ಹೆಸರು ಇಟ್ಟರಲ್ಲ ಎಂದು ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಇಷ್ಟು ವರ್ಷದಿಂದ ಮೇಲೆ ಹೋಗ್ತಾ ಬರ್ತಾ ಇದ್ದೀನಿ. ಒಂದು ದಿನಾನೂ ಅಲ್ಲಿ ಯಾರೂ ಸಿಗಲಿಲ್ಲ ಕಣೇ," ಎನ್ನುತ್ತಿದ್ದ ಅವನು.

"ಸಿಗೋದು ಹೇಗೆ? ಗ್ರೀಸ್ ಕೈಯಲ್ಲಿ ಹೋಗ್ತೀರಿ. ನಿಮ್ಮನ್ನ ದೂರದಿಂದ ನೋಡಿದ ತಕ್ಷಣ ಜಾಗ ಖಾಲಿ ಮಾಡ್ತಾನೆ," ಎನ್ನುತ್ತಿದ್ದಳು ಅವಳು.

ಅವಳದು ಪರದೆ ಹೊಲಿಯುವ ಕೆಲಸ. ಮುಂದಿನ ಕೋಣೆಯ ತುಂಬಾ ಬಟ್ಟೆಯ ಥಾನುಗಳು, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಹಿಂದಿನ ಗೋಡೆಯ ಮೂಲೆಯಲ್ಲಿ ಅವಳ ದೇವರ ಜಾಗ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕಣ್ಣು ಮುಚ್ಚುವಳು, ಬೀದಿಗೆ ಕಾಲಿಡುವ ಮುಂಚೆ ಕಣ್ಣು ಮುಚ್ಚುವಳು, ಗಂಡನ ಊಟದ ಡಬ್ಬಿಗೆ ಮುಚ್ಚಳ ಹಾಕುವಾಗಲೂ ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. "ಡಬ್ಬಿ ಹತ್ತಿರ ಏನು ಮಾತು?" ಎಂದು ಅವನು ಕೇಳಿದರೆ, "ಉಪ್ಪು ಸರಿ ಇದೆಯಾ ಅಂತ ಕೇಳ್ತಿದ್ದೆ" ಎಂದು ಕಣ್ಣೂ ಪಿಳುಕಿಸದೆ ಹೇಳುತ್ತಿದ್ದಳು. ಅವನೂ ಅಷ್ಟಕ್ಕೇ ಸುಮ್ಮನಾಗುತ್ತಿದ್ದ. ವಾರಕ್ಕೊಮ್ಮೆ ಅವಳನ್ನು ಪ್ರಾರ್ಥನಾ ಮಂದಿರದ ಮೆಟ್ಟಿಲವರೆಗೆ ಬಿಟ್ಟು, ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಪತ್ರಿಕೆ ಓದುತ್ತಾ ಕಾಯುತ್ತಿದ್ದ. ಒಳಗೆ ಬನ್ನಿ ಎಂದು ಅವಳು ಕರೆಯುತ್ತಿರಲಿಲ್ಲ, ಒಳಗೆ ಏನು ನಡೆಯಿತು ಎಂದು ಅವನು ಕೆಣಕುತ್ತಿರಲಿಲ್ಲ. ನೋಡಿದವರಿಗೆ ಇದು ಎಷ್ಟು ದಿನ ನಡೆದೀತು ಎಂಬ ಅನುಮಾನ. ಇವರಿಬ್ಬರು ಮಾತ್ರ ಹಾಯಾಗಿದ್ದರು.

ಹಾಯಾಗಿರಲು ಒಂದು ಕಾರಣವಿತ್ತು. ಅದನ್ನು ತಿಳಿಯಬೇಕಾದರೆ ಮಾವನ ವಿಷಯ ಹೇಳಬೇಕು.

ಮಾವ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದನ್ನು, ತಡವಾಗುವುದನ್ನು ಮೈಕಿನಲ್ಲಿ ಕೂಗಿ ಹೇಳುವ ಕೆಲಸದಲ್ಲಿದ್ದವರು. ನಿವೃತ್ತಿಯಾದ ಮೇಲೆ ಮೈಕು ಹೋಯಿತು, ಗಂಟಲು ಉಳಿಯಿತು. ಅವರ ಕಿವಿಗೆ ಒಂದು ಗುಟ್ಟು ಬಿದ್ದರೆ ಬೀದಿಯ ಕೊನೆಯ ಮನೆಯವರೂ ಅದಕ್ಕೆ ಅಭಿಪ್ರಾಯ ಕೊಡುತ್ತಿದ್ದರು. ಮಂದಿರದಲ್ಲಿ ಮೊದಲ ಸಾಲು ಅವರದೇ. ಮಗಳನ್ನು ಕೇಳಲು ಬಂದ ಮೆಕ್ಯಾನಿಕ್‌ನನ್ನು ಎದುರು ಕೂರಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದ್ದರು: "ದೇವರಲ್ಲಿ ನಂಬಿಕೆ ಇದೆಯೇನಪ್ಪಾ?"

"ಇಲ್ಲ," ಎಂದಿದ್ದ ಅವನು. ಹೆಚ್ಚಿಲ್ಲ, ಕಡಿಮೆಯಿಲ್ಲ.

ಮಾವ ಬಾಯಿ ತೆರೆದರು, ಮಾತು ಬರಲಿಲ್ಲ. ಅವರ ಬದುಕಿನಲ್ಲೇ ಅದು ಅಪರೂಪ. ಅಷ್ಟರಲ್ಲಿ ಬಾಗಿಲ ಹಿಂದೆ ನಿಂತು ಕದ್ದು ಕೇಳುತ್ತಿದ್ದವಳು ಹೊರಗೆ ಬಂದು, "ಅಪ್ಪ, ನನಗೆ ಇವರೇ ಆಗಬೇಕು," ಎಂದಳು. "ಹೌದು ಅಂದುಬಿಡೋದು ಎಷ್ಟು ಸುಲಭ ಇತ್ತು ಇವರಿಗೆ. ಅನ್ನಲಿಲ್ಲ ನೋಡಿ."

ಅವತ್ತಿನಿಂದ ಅವಳಿಗೆ ಗಂಡನ ಬಾಯಿಂದ ಬಂದ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಹೊಸ ಪರದೆ ತೂಗುಹಾಕಿ "ಚೆನ್ನಾಗಿದೆಯಾ?" ಎಂದರೆ "ಇಲ್ಲ, ಎಡಗಡೆ ಅಂಚು ಜಗ್ತಾ ಇದೆ" ಎನ್ನುವ ಗಂಡ ಅವನು. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು, ಆಮೇಲೆ ಹೊಲಿಗೆ ಬಿಚ್ಚುತ್ತಿದ್ದಳು. ಬೇರೆಯವರ ಹೊಗಳಿಕೆಯನ್ನು ಅರ್ಧಕ್ಕರ್ಧ ಕಳೆದೇ ಲೆಕ್ಕಕ್ಕೆ ತೆಗೆದುಕೊಳ್ಳುವವಳು ಇವನ "ಪರವಾಗಿಲ್ಲ"ವನ್ನು ಇಡೀ ದಿನ ಮೆಲುಕು ಹಾಕುತ್ತಿದ್ದಳು.

ಹೀಗಿರುವಾಗ ಅವಳಿಗೆ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಯಬೇಕು ಎಂದರು ಡಾಕ್ಟರು. ಪಕ್ಕದಲ್ಲಿ ಒಂದು ಊತವೂ ಕಾಣುತ್ತಿದೆ, ಅದೇನೆಂದು ಒಳಗೆ ನೋಡಿದ ಮೇಲೆಯೇ ಹೇಳಬಹುದು ಎಂದೂ ಸೇರಿಸಿದರು. ಅವಳಿಗೆ ಕಲ್ಲಿನ ಹೆದರಿಕೆ ಇರಲಿಲ್ಲ. ಹೆದರಿಕೆಯೆಲ್ಲ ಊತದ್ದು. ಅವಳ ತಾಯಿ ಹೋದದ್ದು ಹೊಟ್ಟೆಯೊಳಗಿನ ಅಂಥದ್ದೇ ಒಂದು ಗಂಟಿನಿಂದ. ಕೊನೆಯವರೆಗೂ ಮನೆಯವರು, ಡಾಕ್ಟರು, ನೋಡಲು ಬಂದವರು, ಎಲ್ಲರೂ ಸೇರಿ "ಏನೂ ಇಲ್ಲ" ಎಂದೇ ಹೇಳಿದ್ದರು. ಆ "ಏನೂ ಇಲ್ಲ"ವನ್ನು ಕೇಳುತ್ತಾ ಕೇಳುತ್ತಲೇ ಆಕೆ ಸೊರಗಿ ಹೋದರು.

"ನೋಡಿ, ಡಾಕ್ಟರು ನಿಮ್ಮ ಹತ್ತಿರ ಏನು ಹೇಳ್ತಾರೋ ಅದನ್ನ ಇದ್ದಿದ್ದು ಇದ್ದ ಹಾಗೆ ನನಗೆ ಹೇಳಬೇಕು," ಎಂದಳು ಆಸ್ಪತ್ರೆಗೆ ಹೊರಡುವ ಮುಂಚೆ.

"ಹೇಳ್ತೀನಿ," ಎಂದ. ಅಷ್ಟು ಸಾಕಾಯಿತು ಅವಳಿಗೆ. ಚೀಲಕ್ಕೆ ಬಟ್ಟೆ ತುಂಬಿಕೊಂಡು, ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತು, ನಗುತ್ತಲೇ ಹೊರಟಳು.

ಆಪರೇಷನ್ ಕೋಣೆ ಮೇಲಿನ ಮಹಡಿಯಲ್ಲಿ. ಅವಳನ್ನು ಮಲಗಿಸಿದ್ದ ಗಾಲಿ ಮಂಚವನ್ನು ಲಿಫ್ಟಿನಿಂದ ಹೊರಗೆ ತಳ್ಳುವಾಗ ಚಕ್ರ ಹೊಸ್ತಿಲಿಗೆ ದಡ್ ಎಂದು ಬಡಿಯಿತು. ಲಿಫ್ಟು ನೆಲಮಟ್ಟಕ್ಕಿಂತ ಬೆರಳಷ್ಟು ಕೆಳಗೆ ನಿಂತಿತ್ತು. ಅವಳು "ಅಮ್ಮಾ" ಎಂದು ಹೊಟ್ಟೆ ಒತ್ತಿಕೊಂಡಳು. ಮೆಕ್ಯಾನಿಕ್‌ನ ಕಿವಿ ಕೆಂಪಾಯಿತು. ಈ ಲಿಫ್ಟನ್ನು ನೋಡಿಕೊಳ್ಳುತ್ತಿದ್ದವನು ತಾನೇ; ಹಿಂದಿನ ಸಲ ಬಂದಾಗ ಈ ಏರುಪೇರು ಕಣ್ಣಿಗೆ ಬಿದ್ದಿತ್ತು; ಮುಂದಿನ ಸಲ ನೋಡಿದರಾಯಿತು ಎಂದು ಹೋಗಿದ್ದವನೂ ತಾನೇ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಅವಳು ಅವನ ತೋಳು ಹಿಡಿದುಕೊಂಡಳು. "ರೀ, ಇಷ್ಟು ವರ್ಷ ಕೇಳಿಲ್ಲ. ಒಂದೇ ಒಂದು ಸಲ. ನಾನು ಒಳಗಿರುವಾಗ ನನಗೋಸ್ಕರ ಪ್ರಾರ್ಥನೆ ಮಾಡ್ತೀರಾ?"

ಅವನು ಅವಳ ಕೈ ಮೇಲೆ ಕೈಯಿಟ್ಟು "ನೋಡೋಣ" ಎಂದ. ಬಾಗಿಲು ಮುಚ್ಚಿತು.

ಅವನು ಪ್ರಯತ್ನ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದ. ಯಾರನ್ನು ಕರೆಯುವುದು, ಏನೆಂದು ಕರೆಯುವುದು? ಎದುರು ಸಿಕ್ಕಾಗಲೆಲ್ಲ ಯಾರನ್ನು ಕಂಡು ತಾನು ಮುಖ ತಿರುಗಿಸಿಕೊಂಡಿದ್ದನೋ ಅವರ ಹತ್ತಿರವೇ ಈಗ ಕೆಲಸ ಬಿದ್ದಿದೆ ಎಂದು ಹಲ್ಲು ಕಿರಿಯಲು ಹೋದಂತಾಯಿತು. ನಾಚಿಕೆಯಾಗಿ ಕಣ್ಣು ತೆರೆದ. ಅದೇ ಹೊತ್ತಿಗೆ ಇನ್ನೊಬ್ಬ ರೋಗಿಯ ಮಂಚ ಲಿಫ್ಟಿನ ಹೊಸ್ತಿಲಲ್ಲಿ ದಡ್ ಎಂದಿತು. ಇವಳು ವಾಪಸು ಬರುವುದೂ ಇದೇ ಹೊಸ್ತಿಲು ದಾಟಿ, ಅದೂ ಹಸಿ ಹೊಲಿಗೆ ಹಾಕಿಸಿಕೊಂಡು. ಮೆಕ್ಯಾನಿಕ್ ಎದ್ದುಬಿಟ್ಟ. ರೋಗಿಗಳನ್ನೆಲ್ಲ ಪಕ್ಕದ ಲಿಫ್ಟಿಗೆ ಕಳಿಸುವಂತೆ ಲಿಫ್ಟಿನವನಿಗೆ ಹೇಳಿ, ಅವನನ್ನು ಆ ಮಹಡಿಯ ಬಾಗಿಲಲ್ಲಿ ನಿಲ್ಲಿಸಿ, ತಾನು ಯಂತ್ರದ ಕೋಣೆಗೆ ಹತ್ತಿ ಲಿಫ್ಟನ್ನು ನಿಲ್ಲಿಸುವ ಬ್ರೇಕು ಬಿಚ್ಚಿದ.

"ಮೇಲಿರೋರೇ, ಇನ್ನೂ ಅರ್ಧ ಬೆರಳು," ಎಂದು ಕೆಳಗಿನಿಂದ ಕೂಗು.

"ಈಗ?"

"ಈಗ ಸ್ವಲ್ಪ ಹೆಚ್ಚಾಯ್ತು. ಇಳಿಸಿ."

ಬಿಗಿ ಮಾಡಿದ, ಸಡಿಲಿಸಿದ, ಮತ್ತೆ ಬಿಗಿ ಮಾಡಿದ. ಕೊನೆಗೆ ಕೆಳಗಿನಿಂದ "ಅಂಗೈ ಥರ ಸಮ ಬಂತು" ಎಂಬ ಮಾತು ಕೇಳಿದ ಮೇಲೆಯೇ ಕೈ ಒರೆಸಿಕೊಂಡ. ಇಳಿದು ಬರುವಷ್ಟರಲ್ಲಿ ಅವಳನ್ನು ಆಗಲೇ ಅದೇ ಲಿಫ್ಟಿನಲ್ಲಿ ವಾರ್ಡಿಗೆ ಸಾಗಿಸಿಯಾಗಿತ್ತು. ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, "ಬರೀ ಕಲ್ಲು. ಊತಾನೂ ಕಲ್ಲಿನಿಂದಾನೇ ಆಗಿರೋದು. ಪರೀಕ್ಷೆನೂ ಅಲ್ಲೇ ತಕ್ಷಣ ಮಾಡಿಸಿದ್ವಿ, ಬೇರೇನೂ ಇಲ್ಲ," ಎಂದರು. ಮೆಕ್ಯಾನಿಕ್ ಅಲ್ಲೇ ಗೋಡೆಗೆ ಒರಗಿ ನಿಂತು ಸುಧಾರಿಸಿಕೊಂಡ.

ಅವಳಿಗೆ ಎಚ್ಚರವಾದಾಗ ಮಂಚದ ಒಂದು ಪಕ್ಕ ಇವನು, ಇನ್ನೊಂದು ಪಕ್ಕ ಮಾವ. ತುಟಿ ಒಣಗಿತ್ತು, ಮುಖ ಬಿಳಿಚಿಕೊಂಡಿತ್ತು. ಕಣ್ಣು ತೆರೆದವಳು ಗಂಡನನ್ನು ಕೇಳಿದ ಮೊದಲ ಮಾತು, "ಮಾಡಿದ್ರಾ?"

ಆ ಮುಖ ನೋಡಿದ ಮೇಲೆ, ಇಂಥ ಹೊತ್ತಿನಲ್ಲಿ ಇಲ್ಲ ಎನ್ನಲು ಬಾಯಿ ಹೇಗೆ ಬರುತ್ತದೆ? "ಮಾಡಿದೆ," ಎಂದ.

ಅಲ್ಲಿಗೆ ನಿಲ್ಲಿಸಿದ್ದರೆ ಹೇಗೋ ಏನೋ. ಮಾವ ಮುಂದಕ್ಕೆ ಬಾಗಿ, "ನಿಜವಾಗಲೂ ಮಾಡಿದ್ರಾ, ಅಳಿಯಂದಿರೇ?" ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. "ದೇವರಾಣೆ, ಮಾವ," ಎಂದುಬಿಟ್ಟ.

ಮಾವನ ಕಣ್ಣಲ್ಲಿ ನೀರು ಬಂತು. ಅವಳು ಒಂದು ಕ್ಷಣ ಗಂಡನನ್ನೇ ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

"ಡಾಕ್ಟರು ಏನಂದ್ರು?" ಗೋಡೆಯನ್ನು ನೋಡುತ್ತಲೇ ಕೇಳಿದಳು.

"ಬರೀ ಕಲ್ಲಂತೆ. ಬೇರೇನೂ ಇಲ್ಲ ಅಂದ್ರು."

"ಓಹೋ," ಎಂದಳು.

ಮನೆಗೆ ಬಂದ ಮೇಲೆ ಆ "ಓಹೋ"ದ ಅರ್ಥ ನಿಧಾನವಾಗಿ ಬಿಚ್ಚಿಕೊಂಡಿತು. ಅವಳು ಅಳಲಿಲ್ಲ, ಜಗಳ ಆಡಲಿಲ್ಲ. ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಉಳಿಯುತ್ತಿತ್ತು. ಅವನನ್ನು ಮನೆಯೆಲ್ಲ ಸುತ್ತಿಸಿದಳು. ಚಳಿಗಾಲದ ಹೊದಿಕೆ ಯಾವ ಪೆಟ್ಟಿಗೆಯಲ್ಲಿದೆ, ಗ್ಯಾಸ್ ಮುಗಿದರೆ ಯಾರಿಗೆ ಫೋನ್ ಮಾಡಬೇಕು, ಬಿಳಿ ಬಟ್ಟೆಯ ಜೊತೆ ಯಾವುದನ್ನು ನೆನೆಹಾಕಬಾರದು. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದನ್ನೂ ತೋರಿಸಿದಳು. ಮೆಕ್ಯಾನಿಕ್‌ಗೆ ಎಣ್ಣೆ ಬಿಡುವುದನ್ನು ಹೇಳಿಕೊಡುವ ಹೆಂಡತಿಗೆ ಏನೋ ಆಗಿದೆ ಎಂದು ಆಗಲಾದರೂ ಅವನಿಗೆ ಹೊಳೆಯಿತು.

"ಇದೆಲ್ಲ ನನಗ್ಯಾಕೆ ಈಗ?"

"ಗೊತ್ತಿರಲಿ. ಆಮೇಲೆ ಪರದಾಡಬೇಡಿ."

"ಯಾವ ಆಮೇಲೆ? ಏನೂ ಇಲ್ಲ ಅಂದ್ರಲ್ಲೇ ಡಾಕ್ಟರು. ನಿನಗೂ ಬಂದು ಹೇಳಿದ್ರಲ್ಲ."

"ಅಮ್ಮನಿಗೂ ಹಾಗೇ ಹೇಳಿದ್ರು."

"ಅವರು ಬೇರೆ, ನಾನು ಬೇರೆ."

"ಮೊನ್ನೆವರೆಗೂ ಬೇರೆ ಇದ್ರಿ," ಎಂದಳು ಅವಳು. ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಮುಂದುವರಿಸಿದಳು. "ನಿಮ್ಮ ಲೆಕ್ಕದಲ್ಲಿ ದೇವರೇ ಇಲ್ಲ. ಇಲ್ಲದವನ ಮೇಲೆ ಆಣೆ ಇಟ್ಟರೆ ಅದು ಯಾವ ಆಣೆ? ನೀವು ಆಣೆ ಅಂದ ತಕ್ಷಣ ಸುಳ್ಳು ಅಂತ ಗೊತ್ತಾಯ್ತು ನನಗೆ. ಇಲ್ಲ ಅಂದಿದ್ರೆ ಏನಾಗ್ತಿತ್ತು? ಸ್ವಲ್ಪ ಹೊತ್ತು ಬೇಜಾರಾಗ್ತಿತ್ತು, ಅಷ್ಟೇ. ನನ್ನ ಸಮಾಧಾನಕ್ಕೆ ಅಂತ ನೀವೂ ಸುಳ್ಳು ಹೇಳೋರ ಥರ ಆದ್ರಿ. ಇನ್ನು ಡಾಕ್ಟರು ಏನಂದ್ರು ಅಂತ ನಾನು ಯಾರನ್ನ ಕೇಳಲಿ?"

"ಸರಿ, ಈಗ ಹೇಳ್ತೀನಿ ಕೇಳು. ನಾನು ಪ್ರಾರ್ಥನೆ ಮಾಡಲಿಲ್ಲ."

ಅವಳು ಅವನ ಮುಖವನ್ನು ಹುಡುಕಿದಳು. "ಇದು ನಿಜಾನೋ, ಇದೂ ನನ್ನ ಸಮಾಧಾನಕ್ಕೋ?" ಎಂದಳು. ಕೆಣಕಲು ಕೇಳಿದ ಮಾತಲ್ಲ ಅದು. ಇನ್ನು ಅವನ ಯಾವ ಮಾತನ್ನು ನಂಬಬೇಕೋ ಅವಳಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ.

ಇತ್ತ ಮಾವ ಸುಮ್ಮನಿರುವ ಪೈಕಿಯೇ? ನಾಸ್ತಿಕ ಅಳಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊರೆಯಿಟ್ಟ ಸುದ್ದಿ ಅಂಗಡಿ, ಬಸ್ಸು, ಮಂದಿರದ ಮೊದಲ ಸಾಲು, ಕೊನೆಯ ಸಾಲು ಎಲ್ಲ ಕಡೆ ಸಕಾಲಕ್ಕೆ ತಲುಪಿತು. ಹೇಳಿ ಹೇಳಿ ಬೆಂಚು ಹೋಗಿ ಮಂಡಿಯೂರಿದ್ದು ಬಂತು, ಆಮೇಲೆ ಕಣ್ಣೀರ ಧಾರೆ ಸೇರಿಕೊಂಡಿತು. ವಾರ ಕಳೆಯುವುದರೊಳಗೆ ಮಂದಿರದ ಗುರುಗಳೇ ನಾಲ್ಕಾರು ಮಂದಿಯನ್ನು ಕಟ್ಟಿಕೊಂಡು ಮನೆಗೆ ಬಂದರು. ಬುಟ್ಟಿಯ ತುಂಬಾ ಹಣ್ಣು. ನೋಡಲು ಬಂದದ್ದು ರೋಗಿಯನ್ನೋ ಅಳಿಯನನ್ನೋ ಎನ್ನುವುದೇ ತಿಳಿಯದಂತೆ ಎಲ್ಲರ ಕಣ್ಣೂ ಮೆಕ್ಯಾನಿಕ್‌ನ ಮೇಲೆ.

ಬಟ್ಟೆಯ ಥಾನುಗಳನ್ನು ಸರಿಸಿ ಜಾಗ ಮಾಡಿದ್ದಾಯಿತು. ಅವಳು ಬೆನ್ನಿಗೆ ದಿಂಬು ಕೊಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಮಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಇಡೀ ಕಥೆಯನ್ನು ಇನ್ನೊಮ್ಮೆ ಕೂಗಿ ಹೇಳಿದರು. ಗುರುಗಳು ಮೃದು ಸ್ವಭಾವದವರು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು: "ಪ್ರಾರ್ಥನೆ ಮಾಡುವಾಗ ನಿಮಗೆ ಏನನ್ನಿಸ್ತು?"

ನೆಮ್ಮದಿ ಅನ್ನಿಸಿತು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಾವನಿಗೆ ಉಳಿದ ಬದುಕಿಗೆಲ್ಲ ಸಾಕಾಗುವಷ್ಟು ಹೆಮ್ಮೆ, ಗುರುಗಳಿಗೆ ಸಂತೋಷ, ಹೆಂಡತಿಗೆ ಮಂದಿರದಲ್ಲಿ ನಾಲ್ಕು ಜನರ ಮುಂದೆ ಗೌರವ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅವಳೊಬ್ಬಳು ಪರದೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ಇವನೇನು ಹೇಳುತ್ತಾನೋ ಕೇಳುವ ಆಸೆಯೂ ಅವಳಿಗೆ ಉಳಿದಂತಿರಲಿಲ್ಲ. ಅದನ್ನು ನೋಡಿ ಅವನಿಗೆ ಸಂಕಟವಾಯಿತು.

"ನಾನು ಪ್ರಾರ್ಥನೆ ಮಾಡಲಿಲ್ಲ," ಎಂದ. "ಸುಳ್ಳು ಹೇಳಿದೆ."

ಯಾರೋ ಕಿತ್ತಳೆ ಸುಲಿಯುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು.

"ಆಣೆ ಇಟ್ರಲ್ಲಪ್ಪಾ," ಎಂದರು ಮಾವ. ಅವರ ದನಿ ಅಷ್ಟು ಸಣ್ಣದಾದದ್ದನ್ನು ಯಾರೂ ಕೇಳಿರಲಿಲ್ಲ.

"ಅದೂ ಸುಳ್ಳೇ, ಮಾವ. ಇವಳು ಕೇಳಿದ್ಲು ಅಂತ ಕೂತು ನೋಡಿದೆ, ನನ್ನ ಕೈಲಿ ಆಗಲಿಲ್ಲ. ತಪ್ಪಾಯ್ತು. ನಿಮ್ಮ ಮುಖಕ್ಕೆ ಮಸಿ ಬಳಿದ ಹಾಗಾಯ್ತು, ಅದಕ್ಕೂ ತಪ್ಪಾಯ್ತು."

"ಮತ್ತೆ ಅಷ್ಟು ಹೊತ್ತು ಅಲ್ಲಿ ಏನು ಮಾಡ್ತಿದ್ರಿ?" ಮಾವನೇ ಕೇಳಿದರು.

"ಲಿಫ್ಟ್ ಸರಿ ಮಾಡ್ತಿದ್ದೆ. ಹೋಗುವಾಗ ಮಂಚ ದಡ್ ಅಂತು. ಬರುವಾಗಲೂ ಹಾಗಾದ್ರೆ ಇವಳಿಗೆ ನೋವಾಗುತ್ತೆ ಅಂತ ಮೇಲಕ್ಕೆ ಹೋದೆ."

ಪರದೆಯ ಅಂಚಿನ ಮೇಲಿದ್ದ ಬೆರಳು ನಿಂತಿತು. ಅವಳು ತಿರುಗಿ ಗಂಡನನ್ನು ನೋಡಿದಳು. "ಹೌದಲ್ಲಾ," ಎಂದಳು. "ಬರುವಾಗ ಗೊತ್ತೇ ಆಗಲಿಲ್ಲ. ಅರೆನಿದ್ದೆಯಲ್ಲಿದ್ದೆ. ಹೊಸ್ತಿಲು ಬಂತು ಅಂತ ಹಲ್ಲು ಕಚ್ಚಿಕೊಂಡೆ. ಲಿಫ್ಟಿನವನು, ಹೆದರಬೇಡಿ ತಾಯಿ, ಎಲ್ಲ ಮೇಲಿರೋರು ನೋಡ್ಕೊಂಡಿದ್ದಾರೆ ಅಂದ." ಅಲ್ಲಿಗೆ ಅವಳಿಗೆ ಮಾತು ನಿಂತು ನಗು ಬಂತು. "ನಾನು ಅಲ್ಲೇ ಕೈ ಮುಗಿದುಬಿಟ್ಟೆ ಕಣ್ರೀ," ಎಂದು ಹೊಲಿಗೆ ಎಳೆಯದಂತೆ ಹೊಟ್ಟೆ ಒತ್ತಿಹಿಡಿದು ನಕ್ಕಳು. ಗುರುಗಳಿಗೂ ನಗು ತಡೆಯಲಾಗಲಿಲ್ಲ.

ಮಾವನಿಗೆ ದಾರಿ ಕಾಣಿಸಿತು. ತಡವಾದ ಗಾಡಿ ಬಂದೇಬಿಟ್ಟಿತು ಎನ್ನುವ ಹಳೆಯ ಉತ್ಸಾಹದಲ್ಲಿ, "ಹಾಗಾದ್ರೆ ಅದೇ ಪ್ರಾರ್ಥನೆ. ಹೆಂಡತಿಗೋಸ್ಕರ ಮಾಡಿದ ಕೆಲಸಾನೇ ಪ್ರಾರ್ಥನೆ. ಅಲ್ವೇ ಗುರುಗಳೇ?" ಎಂದರು. ಬಂದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಎಲ್ಲರಿಗೂ ಮುಖ ಉಳಿಯುವಂಥ ಮಾತು. ಕಿತ್ತಳೆ ಸುಲಿಯುವುದು ಮತ್ತೆ ಶುರುವಾಯಿತು. ಮೆಕ್ಯಾನಿಕ್ ಕೂಡ ಇನ್ನೇನು ತಲೆಯಾಡಿಸುವುದರಲ್ಲಿದ್ದ.

"ಅಲ್ಲಪ್ಪ," ಎಂದಳು ಅವಳು. "ಅದು ಲಿಫ್ಟ್ ರಿಪೇರಿ."

"ಅದಲ್ಲಮ್ಮಾ, ಒಂದು ಅರ್ಥದಲ್ಲಿ..."

"ಯಾವ ಅರ್ಥದಲ್ಲೂ ಬೇಡ. ಪ್ರಾರ್ಥನೆ ಅಂದ್ರೆ ಏನು ಅಂತ ನನಗೆ ಗೊತ್ತು, ದಿನಾ ಮಾಡ್ತೀನಿ. ಇವರು ಮಾಡಲ್ಲ. ಅದನ್ನ ನಿಮ್ಮ ಹತ್ತಿರಾನೇ ಹೇಳಿ ನನ್ನ ಕೈ ಹಿಡಿದ್ರು. ಮಾಡದೇ ಇರೋದನ್ನ ಮಾಡಿದ್ರು ಅಂತ ಇವರ ತಲೆಗೆ ಕಟ್ಟಬೇಡಿ. ಕೇಳಬಾರದ್ದನ್ನ ಕೇಳಿದ್ದು ನಾನು."

ಮಾವ ಮೆತ್ತಗೆ ಕೂತರು. ಗುರುಗಳು ಮೆಕ್ಯಾನಿಕ್‌ನ ಕಡೆ ತಿರುಗಿ, "ನಮ್ಮ ಮಂದಿರಕ್ಕೂ ಒಂದು ಲಿಫ್ಟ್ ಹಾಕಿಸಬೇಕು ಅಂತ ಇದ್ವಿ. ವಯಸ್ಸಾದವರಿಗೆ ಮೆಟ್ಟಿಲು ಕಷ್ಟ," ಎಂದರು. "ಬಂದು ನೋಡ್ತೀನಿ," ಎಂದ ಅವನು. "ಲಿಫ್ಟಿನವರೆಗೆ ಮಾತ್ರ," ಎಂದು ಅವಳು ಸೇರಿಸಿದಳು. ಹೋಗುವಾಗ ಮಾವ ಅಳಿಯನ ಭುಜ ತಟ್ಟಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು. ಹಣ್ಣಿನ ಬುಟ್ಟಿ ಮಾತ್ರ ಅಲ್ಲೇ ಉಳಿಯಿತು.

ಎಲ್ಲರೂ ಹೊರಟ ಮೇಲೆ ಅವನು ಥಾನುಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಇಡುತ್ತಿದ್ದ.

"ರೀ, ಇಲ್ಲಿ ನೋಡಿ," ಎಂದಳು ಅವಳು. "ಡಾಕ್ಟರು ಏನಂದ್ರು?"

ಅವನು ಥಾನನ್ನು ಕೆಳಗಿಟ್ಟು ಅವಳ ಎದುರು ಬಂದು ಕೂತ. "ಬರೀ ಕಲ್ಲು. ಊತ ಕಲ್ಲಿನಿಂದ ಆಗಿದ್ದು."

"ಬೇರೇನೂ ಇಲ್ವಾ?"

"ಇಲ್ಲ."

ಅವಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಅವಳ ಕಣ್ಣು ತುಂಬಿ ಬಂತು, ಆಸ್ಪತ್ರೆಯಲ್ಲಿ ಅಳದೆ ಇಟ್ಟುಕೊಂಡದ್ದೆಲ್ಲ ಒಟ್ಟಿಗೆ ಹರಿಯಿತು. ಅವನು ಅವಳ ಕೈ ಹಿಡಿದು ಸುಮ್ಮನೆ ಕೂತ. ಅಮ್ಮನಿಗೆ ಸಿಗದೇ ಹೋದ ನಿಜ ತನಗೆ ಸಿಕ್ಕಿತು ಎಂದು ಅವಳು ಅಳುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಅತ್ತು ಮುಗಿಸಿ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಹಸಿವಾಗ್ತಿದೆ ಕಣ್ರೀ," ಎಂದಳು.

ಅವನು ಅಡುಗೆಮನೆಗೆ ಹೋಗಿ ಒಂದಿಷ್ಟು ತರಕಾರಿ ಬೇಯಿಸಿ ಬಿಸಿ ಬಿಸಿ ಸೂಪು ಮಾಡಿ ತಂದ. ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ತುಟಿ ಮೆಲ್ಲಗೆ ಅಲ್ಲಾಡಿತು. ಅವಳು ಮುಗಿಸುವವರೆಗೂ ಅವನು ಚಮಚ ಹಿಡಿದುಕೊಂಡು ಕಾದ.

"ಏನು ಮಾತು ಅದರ ಹತ್ತಿರ?"

"ಉಪ್ಪು ಸರಿ ಇದೆಯಾ ಅಂತ ಕೇಳ್ತಿದ್ದೆ."

"ಇದೆಯಂತಾ?"

ಅವಳು ಒಂದು ಚಮಚ ಬಾಯಿಗೆ ಹಾಕಿಕೊಂಡು ಅವನನ್ನು ನೋಡಿದಳು.

"ಇಲ್ಲ," ಎಂದಳು.

ಅವನು ಉಪ್ಪು ತರಲು ಎದ್ದ.